ಬಾರದ ಚಹಾದ ಕೂಗು

ನಮ್ಮ ಕೋಲ್ಡ್ ಸ್ಟೋರೇಜಿನ ಬಾಗಿಲಿನ ದಪ್ಪ ನನ್ನ ಮುಕ್ಕಾಲು ಗೇಣು. ಹೊರಗೆ ತಗಡು, ಒಳಗೆ ತಗಡು, ನಡುವೆ ಚಳಿ ಸೋರದ ಹಾಗೆ ತುಂಬಿದ ಗಟ್ಟಿ ನೊರೆ. ಅಂಚಿನ ಸುತ್ತ ಕಪ್ಪು ರಬ್ಬರು. ಕೆಳಗೆ, ಎಡಮೂಲೆಯಲ್ಲಿ, ಆ ರಬ್ಬರು ನಾಲ್ಕು ಬೆರಳಿನಷ್ಟು ಹರಿದಿತ್ತು. ದಿನಕ್ಕೆ ಹತ್ತು ಸಲ ಅದೇ ಬಾಗಿಲನ್ನು ಎಳೆದು ತೆಗೆಯುತ್ತಿದ್ದರೂ ಎರಡು ವರ್ಷ ನಾನು ಇದನ್ನೆಲ್ಲ ನೋಡಿರಲಿಲ್ಲ. ನೋಡಿದ್ದು, ಅಳೆದದ್ದು, ಬಗ್ಗಿ ಆ ಹರಿದ ಜಾಗಕ್ಕೆ ಕಿವಿ ಇಟ್ಟದ್ದು ಎಲ್ಲ ಆ ಮಧ್ಯಾಹ್ನದ ನಂತರ.

ನಾನು ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಓದಿದವಳು. ಓದು ಮುಗಿದ ಮೇಲೆ ಕಾಗವಾಡ ತಾಲ್ಲೂಕಿನ ಒಂದು ಒಣದ್ರಾಕ್ಷಿ ಘಟಕದಲ್ಲಿ ಕೆಲಸ ಸಿಕ್ಕಿತು. ಸುತ್ತಲಿನ ತೋಟದವರು ಹಸಿರು ಬಲೆಯ ಕೆಳಗೆ ಒಣಗಿಸಿದ ದ್ರಾಕ್ಷಿ ನಮ್ಮಲ್ಲಿಗೆ ಬರುತ್ತದೆ. ಯಂತ್ರ ಕಡ್ಡಿ ಬಿಡಿಸುತ್ತದೆ, ತೊಳೆಯುತ್ತದೆ. ಆಮೇಲೆ ಅದು ಬೆಲ್ಟಿನ ಮೇಲೆ ಸಾಗುವಾಗ ಎರಡೂ ಬದಿಗೆ ಕೂತ ಮೂವತ್ತು ಹೆಂಗಸರು ಕರಿದನ್ನು, ಮುರುಟಿದ್ದನ್ನು, ಕಡ್ಡಿ ಉಳಿದದ್ದನ್ನು ಹೆಕ್ಕುತ್ತಾರೆ. ಉಳಿದದ್ದು ಪೆಟ್ಟಿಗೆ ಸೇರಿ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. ನನ್ನ ಕೆಲಸ, ಪ್ರತಿ ರಾಶಿಯಿಂದ ಒಂದು ಹಿಡಿ ಸ್ಯಾಂಪಲ್ ತೆಗೆದು ಅದರ ತೇವ ಎಷ್ಟಿದೆ ಎಂದು ಪರೀಕ್ಷಿಸಿ ಬರೆಯುವುದು. ಬೆಲ್ಟಿನ ಪಕ್ಕದಲ್ಲಿ ನನಗೊಂದು ಸಣ್ಣ ಕೋಣೆ. ಹೆಂಗಸರು ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು. ನನ್ನ ತಾಯಿಯ ವಯಸ್ಸಿನವರೂ ಹಾಗೇ ಕರೆಯುತ್ತಿದ್ದರು. ಅದು ನನ್ನ ಓದಿಗೆ ಕೊಟ್ಟ ಮರ್ಯಾದೆ.

ಬೆಲ್ಟು ನೋಡಿಕೊಳ್ಳುವ ಸುಪರ್‌ವೈಜರ್ ಐವತ್ತರ ಆಸುಪಾಸಿನವರು. ಎಲ್ಲರೂ ಅವರನ್ನು ‘ಮಾಮಾ’ ಎನ್ನಬೇಕು. ಬೇಕು ಎಂದೇ ಬರೆಯುತ್ತಿದ್ದೇನೆ. ಹೊಸದಾಗಿ ಬಂದ ಒಬ್ಬಳು ‘ದಾದಾ’ ಎಂದಾಗ, “ನಾ ನಿನಗ ಅಣ್ಣ ಆಗಾಕ ಒಲ್ಲೆ, ಮಾಮಾ ಅನ್ನು,” ಎಂದು ನಗಿಸಿದ್ದನ್ನು ನಾನೇ ಕೇಳಿದ್ದೆ. ಆ ದಿನ ನಾನೂ ನಕ್ಕಿದ್ದೆ. ನಮ್ಮ ಕಡೆ ಅಣ್ಣನಾದವನು ಚೇಷ್ಟೆ ಮಾಡುವಂತಿಲ್ಲ, ಸೋದರಮಾವ ಮಾಡಬಹುದು. ಆ ಒಂದು ಸಲುಗೆಗಾಗಿಯೇ ಅವರು ಈ ಹೆಸರು ಹಚ್ಚಿಕೊಂಡಿದ್ದರೇ ಎಂಬ ಪ್ರಶ್ನೆ ನನಗೆ ಬಹಳ ತಡವಾಗಿ ಹೊಳೆಯಿತು.

ಅವರು ಹಾಕುತ್ತಿದ್ದುದು ಅಥಣಿಯ ಕಡೆ ಹೊಲಿದ ಚರ್ಮದ ಚಪ್ಪಲಿ, ನಡೆದರೆ ಕರ್ ಕರ್ ಎನ್ನುವಂಥದ್ದು. ಆ ಸದ್ದು ದೂರದಲ್ಲಿ ಕೇಳಿದ ಕೂಡಲೇ ಬೆಲ್ಟಿನ ಮೇಲಿನ ಮಾತು ನಿಲ್ಲುತ್ತಿತ್ತು, ಸೆರಗು ಓಢಣಿಗಳು ಸರಿಹೋಗುತ್ತಿದ್ದವು, ಅಂಚಿಗೆ ಕೂತವರು ನಡುವಿಗೆ ಸರಿಯುತ್ತಿದ್ದರು. ನಾನು ಗಾಜಿನ ಹಿಂದಿನಿಂದ ಇದನ್ನು ನೋಡಿ, ಎಂಥ ಶಿಸ್ತು ಎಂದುಕೊಳ್ಳುತ್ತಿದ್ದೆ.

ಕೋಲ್ಡ್ ಸ್ಟೋರೇಜಿಗೆ ಮಾತ್ರ ಯಾರೂ ಚಪ್ಪಲಿಯಲ್ಲಿ ಹೋಗುವಂತಿಲ್ಲ. ಬಾಗಿಲ ಪಕ್ಕ ರಬ್ಬರಿನ ಗಂಬೂಟುಗಳಿವೆ. ನಮ್ಮ ಚಪ್ಪಲಿ ಹೊರಗೆ ಬಿಟ್ಟು ಅವನ್ನು ಹಾಕಿಕೊಂಡು ಒಳಗೆ ಹೋಗಬೇಕು. ಅದರಿಂದ ಇನ್ನೊಂದು ಉಪಯೋಗ: ಬೀಗ ಹಾಕುವವರು ಮೊದಲು ಚಪ್ಪಲಿ ನೋಡುತ್ತಾರೆ. ಚಪ್ಪಲಿ ಇದ್ದರೆ ಒಳಗೆ ಮನುಷ್ಯರಿದ್ದಾರೆ.

ಆ ದಿನ ಊಟದ ಹೊತ್ತಿಗೆ ಇನ್ನೂ ಅರ್ಧ ತಾಸಿತ್ತು. ಬೆಲ್ಟಿನಲ್ಲಿ ಕೆಲಸ ಮಾಡುವ, ಮಂಗಸೂಳಿಯಿಂದ ಬರುವ ಹುಡುಗಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಇಪ್ಪತ್ತು, ಇಪ್ಪತ್ತೊಂದು ವಯಸ್ಸು.

“ಅಕ್ಕಾರ, ಮಾಮಾ ಕೋಲ್ಡನಾಗಿಂದ ಸ್ಯಾಂಪಲ್ ತಾ ಅಂದಾರ. ನೀವೂ ಬರ್ರೆಲಾ.”

“ಮಶೀನ್ ಚಾಲೂ ಐತಿ. ನೀ ತಗೊಂಡ ಬಾ, ಅಲ್ಲೇನ ದೆವ್ವ ಅದಾವೇನ?”

ಅವಳು ನಗಲಿಲ್ಲ. ಒಂದು ಗಳಿಗೆ ನಿಂತಳು, ಹೋದಳು.

ಇಷ್ಟನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಆ ‘ಬರ್ರೆಲಾ’ದಲ್ಲಿ ಬೇಡಿಕೆ ಇತ್ತು. ಅದಕ್ಕಿಂತ ಸರಳವಾದ ಇನ್ನೊಂದು ಸಂಗತಿಯೂ ಇತ್ತು. ಸ್ಯಾಂಪಲ್ ಬೇಕಾಗುವುದು ನನಗೆ, ಬೇರೆ ಯಾರಿಗೂ ಅಲ್ಲ. ಅವತ್ತು ನಾನು ಸ್ಯಾಂಪಲ್ ಕೇಳಿರಲೇ ಇಲ್ಲ.

ಮಶೀನು ನಿಂತಿತು. ಹದಿನಾಲ್ಕು ಪಾಯಿಂಟ್ ಎರಡು ಎಂದು ಬರೆದುಕೊಂಡೆ. ಸ್ಯಾಂಪಲ್ ಇನ್ನೂ ಬಂದಿಲ್ಲವಲ್ಲ ಎಂದು ಎದ್ದು ಹೋದೆ. ಕೋಲ್ಡ್ ಸ್ಟೋರೇಜಿನ ಬಾಗಿಲು ಹಾಕಿತ್ತು. ಹೊರಗೆ ಎರಡು ಜೋಡಿ ಚಪ್ಪಲಿ ಇದ್ದವು. ಒಂದು ಅವಳದು, ಹಸಿರು ಪಟ್ಟಿಯ ರಬ್ಬರಿನದು. ಇನ್ನೊಂದು ಆ ಚರ್ಮದ್ದು. ಚರ್ಮದ್ದು ಒಂದರ ಪಕ್ಕ ಒಂದು ಓರಣವಾಗಿತ್ತು. ಅವಳದರಲ್ಲಿ ಒಂದು ಅಂಗಾತ ಬಿದ್ದಿತ್ತು.

ಹಿಡಿಕೆಯ ಮೇಲೆ ಕೈ ಇಟ್ಟೆ. ಕಬ್ಬಿಣ ತಣ್ಣಗಿತ್ತು. ಎಳೆದರೆ ತೆರೆಯುವ ಬಾಗಿಲು ಅದು. ನಾನು ಎಳೆಯಲಿಲ್ಲ. ಒಳಗೆ ಏನೂ ಇಲ್ಲದಿದ್ದರೆ ಏನು ಹೇಳುವುದು? ಏನಾದರೂ ಇದ್ದರೆ ಏನು ಹೇಳುವುದು? ಈ ಎರಡನೆಯ ಪ್ರಶ್ನೆಗೆ ಮೊದಲನೆಯದಕ್ಕಿಂತ ಹೆಚ್ಚು ಹೆದರಿದೆ ಎಂದು ಈಗ ಗೊತ್ತಾಗುತ್ತದೆ. ಕೈ ಹಿಂದೆ ತೆಗೆದುಕೊಂಡೆ. ಆಮೇಲೆ ನನ್ನ ಬಾಯಿಂದ ಬಂದ ಮಾತು ನನಗೇ ಆಶ್ಚರ್ಯ.

“ಮಾಮಾ, ಚಹಾ ಬಂದೈತ್ರಿ!”

ಚಹಾ ಬಂದಿರಲಿಲ್ಲ. ನಮ್ಮಲ್ಲಿಗೆ ರಸ್ತೆಯ ತಿರುವಿನ ಹೋಟೆಲಿನಿಂದ ಚಹಾ ಬರುವುದು ಎರಡೇ ಸಲ, ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ.

ಕೂಗಿದ ಮರುಕ್ಷಣ ಬಾಗಿಲು ತೆರೆಯಿತು. ಬಿಳಿ ಹಬೆ ಹೊರಬಂತು, ಅದರ ಹಿಂದೆ ಅವರು. ಮುಖದಲ್ಲಿ ಏನೂ ಇರಲಿಲ್ಲ.

“ಎಲ್ಲೈತಿ ಚಹಾ?”

“ಆಫೀಸನ್ಯಾಗ್ರಿ.”

ಅವರು ಗಂಬೂಟು ಕಳಚಿ, ಚಪ್ಪಲಿ ಮೆಟ್ಟಿ, ಕರ್ ಕರ್ ಎಂದು ಆಫೀಸಿನ ಕಡೆ ನಡೆದರು. ಆಫೀಸಿನಲ್ಲಿ ಚಹಾ ಇರಲಿಲ್ಲ. ಆದರೆ ಅವರು ತಿರುಗಿ ಬಂದು, ‘ಯಾಕ ಸುಳ್ಳ ಹೇಳಿದಿ’ ಎಂದು ನನ್ನನ್ನು ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ಆ ರಾಶಿಯ ತೇವದಷ್ಟೇ ನಿಖರವಾಗಿ ನನಗೆ ಇದು ನೆನಪಿದೆ. ಚಹಾ ಎಂದು ಕರೆಸಿಕೊಂಡು ಚಹಾ ಸಿಗದೆ ಹೋದ ಮನುಷ್ಯ ಯಾಕೆ ಸುಮ್ಮನಿರುತ್ತಾನೆ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಹುಡುಗಿ ಹೊರಬಂದಾಗ ಅವಳ ತುಟಿ ನೀಲಿಗಟ್ಟಿತ್ತು. ನಾನು ಏನೋ ಕೇಳಲು ಹೋದೆ. ಅವಳು ನನ್ನನ್ನು ದಾಟಿ, ಹಿಂದಿನ ಗೇಟಿನಿಂದ ಗಂಬೂಟಿನಲ್ಲೇ ಹೊರಟು ಹೋದಳು. ಹಸಿರು ಪಟ್ಟಿಯ ಚಪ್ಪಲಿ ಅಲ್ಲೇ ಉಳಿಯಿತು.

ಸಂಜೆ, ಬೆಲ್ಟಿನಲ್ಲಿ ಎಲ್ಲರಿಗಿಂತ ಹಿರಿಯಳಾದ, ಎಲ್ಲರೂ ‘ಆಯಿ’ ಎನ್ನುವ ಹೆಂಗಸಿಗೆ ನಡೆದದ್ದನ್ನು ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು. ಎಂಥ ಉಪಾಯ ಹೊಳೆಯಿತು ನೋಡು ಎಂಬ ಜಂಬ.

ಆಯಿ ಕೈಗವಸು ಬಿಚ್ಚುತ್ತಾ ನನ್ನ ಮುಖ ನೋಡಿದಳು. “ನೀವೂ ಚಹಾ ಅಂದ್ರ್ಯಾ?”

“ನೀವೂ ಅಂದ್ರ?”

“ನಾವೆಲ್ಲಾ ಅದನ್ನ ಅಂತೇವಲ್ರಿ. ನಾ ಇಲ್ಲಿ ಬಂದು ಹನ್ನೊಂದ ವರ್ಷ ಆತು. ಒಬ್ಬಾಕಿ ಒಳಗ ಸಿಕ್ಕಳಂದ್ರ ಇನ್ನೊಬ್ಬಾಕಿ ಒದರೂದು. ಮೊದಲ ಲಾರಿ ಬಂತು ಅಂತಿದ್ವಿ. ಲಾರಿ ಅಂದ್ರ ಹೊರಗ ಬಂದ ಕೂಡ್ಲೆ ಸುಳ್ಳಂತ ಗೊತ್ತಾಗತೈತಿ. ಚಹಾ ಅಂದ್ರ ಛಲೋ. ಚಹಾ ಆರಿ ಹೋತು ಅನ್ನಬಹುದು, ಯಾರೋ ಕುಡದ್ರು ಅನ್ನಬಹುದು.”

“ಬಾಗಲಾ ತಗದ ಯಾಕ ನೋಡಾಂಗಿಲ್ಲ?”

“ತಗದ್ರ ನೋಡಿಧಂಗ ಆಗತೈತ್ರಿ, ಅಕ್ಕಾರ,” ಎಂದಳು ಆಯಿ. “ನೋಡಿದ ಮ್ಯಾಲ ಏನರೆ ಮಾಡಬೇಕಾಗತೈತಿ.”

ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಇದನ್ನೇ ತಿರುವಿ ತಿರುವಿ ನೋಡಿದೆ. ನಮ್ಮ ಕಡೆ ಹಿರಿಯರಿದ್ದ ಕೋಣೆಗೆ ಹೋಗುವಾಗ ಹೊರಗಿನಿಂದಲೇ ಕೆಮ್ಮಿ ಹೋಗುತ್ತಾರೆ. ಒಳಗಿದ್ದವರಿಗೆ ಸರಿಯಾಗಿ ಕೂರಲು ಒಂದು ಗಳಿಗೆ ಸಿಗಲಿ ಎಂದು. ನಮ್ಮ ಚಹಾವೂ ಅಂಥದೇ ಕೆಮ್ಮು. ಹನ್ನೊಂದು ವರ್ಷ ಈ ಹೆಂಗಸರು ಒಬ್ಬರನ್ನೊಬ್ಬರು ಕಾಪಾಡಿಕೊಂಡು ಬಂದಿದ್ದರು, ಬಹಳ ಜಾಣತನದಿಂದ, ಯಾರೂ ಹೇಳಿಕೊಡದೆ. ಆದರೆ ಪ್ರತಿ ಸಲವೂ ಆ ಮನುಷ್ಯನಿಗೆ ಮರ್ಯಾದೆಯಿಂದ ಹೊರಗೆ ಬರುವ ದಾರಿಯನ್ನೂ ಅವರೇ ಮಾಡಿಕೊಟ್ಟಿದ್ದರು. ಹುಡುಗಿ ಉಳಿಯುತ್ತಿದ್ದಳು, ಅವನೂ ಉಳಿಯುತ್ತಿದ್ದ. ಮರುದಿನ ಏನೂ ಆಗಿಯೇ ಇರಲಿಲ್ಲ. ಓದಿದವಳು ನಾನು, ಒಂದು ಕ್ಷಣವೂ ಯೋಚಿಸದೆ ಅದನ್ನೇ ಮಾಡಿದ್ದೆ. ಯಾರಿಂದ ಕಲಿತಿದ್ದೆ?

ಹುಡುಗಿ ಮೂರು ದಿನ ಬರಲಿಲ್ಲ. ಅಷ್ಟರಲ್ಲಿ ಬೆಲ್ಟಿನ ಮೇಲೆ ಒಂದು ಮಾತು ಹರಡಿತ್ತು: ಅವಳು ಕಂಪನಿಯ ಗಂಬೂಟು ಕದ್ದುಕೊಂಡು ಹೋಗಿದ್ದಾಳೆ. ಹೇಳಿದವರು ಮಾಮಾ. ನಾನು ಹಸಿರು ಪಟ್ಟಿಯ ಚಪ್ಪಲಿಯನ್ನು ಒಂದು ಚೀಲದಲ್ಲಿ ಹಾಕಿಕೊಂಡು ರವಿವಾರ ಮಂಗಸೂಳಿಗೆ ಹೋದೆ.

ಮಲ್ಲಯ್ಯನ ಗುಡಿಯ ಕಡೆ ಹೋಗುವ ಜನರ ನಡುವೆ, ಭಂಡಾರದ ಅರಿಶಿನ ಬಿದ್ದು ಹಳದಿಯಾದ ರಸ್ತೆ ದಾಟಿ, ಕೇಳಿಕೊಂಡು ಮನೆ ಹುಡುಕಿದೆ. ಗಂಬೂಟುಗಳನ್ನು ತೊಳೆದು ಹೊಸ್ತಿಲ ಪಕ್ಕ ಬೋರಲು ಹಾಕಿದ್ದರು. ಅವಳ ತಾಯಿ ನನಗೆ ಚಾಪೆ ಹಾಸಿ, ನಾನು ಬಾಯಿ ತೆರೆಯುವ ಮೊದಲೇ ಕೈ ಮುಗಿದಳು.

“ಬಾಯಾರ, ಮಾತ ಬೆಳಸಬ್ಯಾಡ್ರಿ. ಬೂಟ ಒಯ್ದ ಕೊಡ್ರಿ. ಈಕಿನ್ನ ಬ್ಯಾರೆ ಕಡೆ ಎಲ್ಲೆರ ಕೆಲಸಕ್ಕ ಹಚ್ತೇನಿ. ರಾಯಬಾಗ ಕಡೆ ನಮ್ಮ ತಂಗಿ ಅದಾಳ.”

“ರಾಯಬಾಗಕ್ಕ ಹ್ವಾದ್ರ ಅಲ್ಲಿ ಮಾಮಾ ಇರಾಂಗಿಲ್ಲೇನಬೇ?” ಎಂದಳು ಹುಡುಗಿ ಒಳಗಿನಿಂದ.

ಅವಳು ಬಂದು ಗೋಡೆಗೆ ಒರಗಿ ಕೂತಳು. ನಾನು ಕೇಳಲಿಲ್ಲ, ಅವಳೇ ಹೇಳಿದಳು. ಎರಡು ತಿಂಗಳಿನಿಂದ ಮಾಮಾ ಅವಳೊಬ್ಬಳನ್ನೇ ಕೋಲ್ಡಿಗೆ ಕಳಿಸುತ್ತಿದ್ದರು. ಸಂಜೆಯಾದರೆ ಫೋನಿಗೆ ಮೆಸೇಜು, ಹೆದರಿ ಅವಳು ಕೂಡಲೇ ಅಳಿಸಿಬಿಡುತ್ತಿದ್ದಳು. ಅವತ್ತು ಅವಳು ಪೆಟ್ಟಿಗೆ ತೆರೆಯುವಾಗ ಹಿಂದೆ ಬಾಗಿಲು ಮುಚ್ಚಿದ್ದು ಕೇಳಿತು. ಗಂಬೂಟಾದ್ದರಿಂದ ಹೆಜ್ಜೆ ಕೇಳಲಿಲ್ಲ. “ಬಾಗಲಕ್ಕ ಬೆನ್ನ ಹಚ್ಚಿ ನಿಂತ್ರು. ‘ಥಂಡಿ ಹತ್ತತೈತೇನ’ ಅಂತ ಕೈ ಹಿಡದ ಜಗ್ಗಿದ್ರು. ನಾ ಬಿಡಿಸಿಕೊಂಡೆ, ಮತ್ತ ಹಿಡದ್ರು. ಹೊರಗ ಹೋಗಬೇಕಂದ್ರ ಅವರನ್ನ ದಾಟಬೇಕು. ಅಷ್ಟರಾಗ ನೀವ ಚಹಾ ಅಂದ್ರಿ.”

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

“ನನಗ ಆ ಕೆಲಸ ಬೇಕ್ರಿ ಅಕ್ಕಾರ,” ಎಂದಳು ಹುಡುಗಿ. “ಕಳ್ಳಿ ಅನ್ನಿಸಿಕೊಂಡ ಮನ್ಯಾಗ ಕುಂದ್ರಾಕ ಆಗೂದಿಲ್ಲ. ತಪ್ಪ ಮಾಡಿದಾವ್ರು ಕೆಲಸಕ್ಕ ಹೊಂಟಾರ, ನಾ ಮನ್ಯಾಗ ಅದೇನಿ. ನೀವ ನೋಡಿದ್ದ ಹೇಳ್ತೀರೇನ?”

“ನಾ ಏನೂ ನೋಡಿಲ್ಲವ್ವಾ. ಚಪ್ಪಲಿ ನೋಡೇನಿ, ಅಷ್ಟ.”

“ಅಷ್ಟ ಹೇಳ್ರಿ.”

ನಾನು ಚಪ್ಪಲಿಯ ಚೀಲ ಮುಂದಿಟ್ಟೆ. ಅವಳು ಅದನ್ನು ನನ್ನ ಕಡೆಗೇ ಸರಿಸಿದಳು. “ಇವು ಅಲ್ಲೇ ಇರಲಿ. ನಾ ಬಂದ ಹಾಕ್ಕೋತೇನಿ.”

ಯಾರಿಗೆ ಹೇಳುವುದು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಒಮ್ಮೆ ಯಾರೋ ಬಂದು ಇದರ ಕಾನೂನಿನ ಬಗ್ಗೆ ಒಂದು ತಾಸು ಮಾತಾಡಿದ್ದು ನೆನಪಿತ್ತು. ಹತ್ತು ಜನ ಕೆಲಸ ಮಾಡುವ ಕಡೆ ಒಂದು ಸಮಿತಿ ಇರಬೇಕು ಎಂಬಷ್ಟು ತಲೆಯಲ್ಲಿ ಉಳಿದಿತ್ತು. ಸೋಮವಾರ ಆಫೀಸಿನಲ್ಲಿ ಹುಡುಕಿದೆ. ದೊಡ್ಡ ಕ್ಯಾಲೆಂಡರಿನ ಹಿಂದೆ ಒಂದು ಬೋರ್ಡು ಸಿಕ್ಕಿತು. ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿ. ಅಧ್ಯಕ್ಷೆ, ಘಟಕದ ಮಾಲೀಕರಾದ ಸಾವಕಾರ್ರ ಸೊಸೆ. ಆಫೀಸಿನ ಕೆಲಸ ನೋಡಿಕೊಳ್ಳುವವರು ಅವರೇ. ಹೊರಗಿನ ಸದಸ್ಯೆ, ಚಿಕ್ಕೋಡಿಯ ಒಬ್ಬ ವಕೀಲೆ. ಮೂರನೆಯ ಹೆಸರು ನನ್ನದು.

ಬಹಳ ಹೊತ್ತು ನನ್ನ ಹೆಸರನ್ನೇ ನೋಡುತ್ತ ನಿಂತೆ. ಕೆಲಸಕ್ಕೆ ಸೇರಿದ ದಿನ ಹತ್ತಾರು ಕಾಗದಕ್ಕೆ ಸಹಿ ಮಾಡಿದ್ದೆ. ಅದರಲ್ಲಿ ಇದೂ ಒಂದಿರಬೇಕು. ಡಿಗ್ರಿ ಮಾಡಿದ ಹೆಂಗಸು ಅಲ್ಲಿ ನಾನೊಬ್ಬಳೇ ಇದ್ದೆ. ಹುಡುಗಿ ಅವತ್ತು ನನ್ನ ಬಾಗಿಲಿಗೆ ಬಂದು ‘ನೀವೂ ಬರ್ರೆಲಾ’ ಎಂದಾಗ, ಇಬ್ಬರಿಗೂ ತಿಳಿಯದೆ ಅವಳು ಸರಿಯಾದ ಜಾಗಕ್ಕೇ ಬಂದಿದ್ದಳು.

ವಕೀಲೆಗೆ ಫೋನು ಮಾಡಿದೆ. ಅವರಿಗೂ ಆ ಬೋರ್ಡು ಮರೆತೇ ಹೋಗಿತ್ತು. “ಹೆಸರ ಕೇಳಿದ್ರು, ಕೊಟ್ಟಿದ್ದೆ. ಒಂದ ಮೀಟಿಂಗಿಗೂ ಕರದಿಲ್ಲ,” ಎಂದರು. ಆಮೇಲೆ ದನಿ ಬದಲಾಯಿತು. “ಆಕಿ ಕಡೆಯಿಂದ ಬರದ ಕೊಡಸ್ರಿ. ಮೂರ ತಿಂಗಳದೊಳಗ ಕೊಡಬೇಕು, ತಡಾ ಮಾಡಬ್ಯಾಡ್ರಿ. ಬರಿಯಾಕ ಬರದಿದ್ರ ನಾವ ಸಹಾಯ ಮಾಡಬೇಕಾಗತೈತಿ. ಮತ್ತ ನೀವ ಸಾಕ್ಷಿ ಆಗಾವ್ರು. ಹಂಗಾರ ಸಮಿತ್ಯಾಗ ಕುಂದ್ರಾಂಗಿಲ್ಲ. ಕುರ್ಚಿ ಬಿಟ್ಟ ಎದುರಿಗಿ ಬರ್ರಿ.”

ಹುಡುಗಿ ಹತ್ತನೆಯ ತರಗತಿ ಪಾಸಾದವಳು. ತಾನೇ ಬರೆದಳು, ಒಂದೂವರೆ ಪುಟ. ನನ್ನ ಬದಲು ಪ್ಯಾಕಿಂಗಿನ ಒಬ್ಬ ಹೆಂಗಸನ್ನು ಸಮಿತಿಗೆ ತೆಗೆದುಕೊಂಡರು. ವಿಚಾರಣೆ ಮುಗಿಯುವವರೆಗೆ ಮಾಮಾನನ್ನು ಬೆಲ್ಟಿನಿಂದ ತೆಗೆದು ಗೋದಾಮಿಗೆ ಹಾಕಬೇಕು ಎಂದರು ವಕೀಲೆ. ಸಾವಕಾರ್ರಿಗೆ ಸಿಟ್ಟು ಬಂತು. ಅವರು ಕೆಟ್ಟವರಲ್ಲ. ದ್ರಾಕ್ಷಿ ತೋಟದವರಿಗೆ ಕೊಟ್ಟ ಮಾತು ತಪ್ಪಿದವರಲ್ಲ. ನನ್ನನ್ನು ಕರೆಸಿದರು.

“ತಂಗೀ, ಜಾವೂ ದ್ಯಾ, ಬಿಟ್ಟಬಿಡು. ಮನಿ ಮಾತು, ಮನ್ಯಾಗ ಮುಗಸೂಣು. ಅಂವಾ ತಪ್ಪಾತು ಅಂತಾನ, ಆ ಪೋರಿ ಹ್ಞೂಂ ಅಂತಾಳ, ಎಲ್ಲಾರೂ ಕುಂತ ಚಹಾ ಕುಡಿಯೂಣು.”

ಮತ್ತೆ ಚಹಾ! ನನಗೆ ನಗು ಬಂತು, ಅದನ್ನು ನುಂಗಿಕೊಂಡೆ. ಅವರ ಸೊಸೆ ಪಕ್ಕದಲ್ಲೇ ಇದ್ದರು. ಅಲ್ಲಿಯವರೆಗೆ ಮಾವನ ಎದುರು ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಮಾಂವಾರ, ರಾಜಿ ಬೇಕಂತ ಆ ಹುಡುಗಿ ತಾನ ಕೇಳಬೇಕಂತ್ರಿ. ನಾವ ಕೇಳಾಂಗಿಲ್ಲ. ವಕೀಲಬಾಯಾರು ಕಾಯ್ದೆ ತೋರಿಸ್ಯಾರ.” ಸಾವಕಾರ್ರು ಸೊಸೆಯನ್ನು ನೋಡಿದರು, ಕಿಟಕಿಯನ್ನು ನೋಡಿದರು, ಎದ್ದು ಹೋದರು.

ವಿಚಾರಣೆಗೆ ಮೊದಲು ನನ್ನನ್ನು ಕಾಡಿದ್ದು ಬಾಗಿಲು. ನಾನು ನಿಜವಾಗಿ ನೋಡಿದ್ದು ಚಪ್ಪಲಿ ಮಾತ್ರ. ಕೇಳಿದ್ದು ಏನೂ ಇಲ್ಲ. ಆದರೆ ನನ್ನ ಕೂಗು ಮಾಮಾನಿಗೆ ಕೇಳಿಸಿತ್ತು! ನಾನು ಚಹಾ ಎಂದದ್ದು ಒಳಗೆ ಹೇಗೆ ಕೇಳಿತು? ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಫಲಿತಾಂಶ ಅನುಮಾನ ತರಿಸಿದರೆ ಮಾಡುತ್ತಿದ್ದ ಹಾಗೆ, ಇದನ್ನೂ ಮಾಡಿ ನೋಡೋಣ ಎನಿಸಿತು.

ಆಯಿಯನ್ನು ಕರೆದುಕೊಂಡು ಹೋದೆ. ನಾನು ಒಳಗೆ ಹೋಗಿ ಬಾಗಿಲು ಹಾಕಿಸಿದೆ. ಒಳಗೆ ಮೂರು ದೊಡ್ಡ ಫ್ಯಾನುಗಳು ಹಗಲೂ ರಾತ್ರಿ ತಿರುಗುತ್ತವೆ. ಹಿಂದಿನ ಗೋಡೆಯವರೆಗೆ ನಡೆದು, ಕಡೆಯ ಸಾಲಿನ ಪೆಟ್ಟಿಗೆಗಳ ಹತ್ತಿರ ನಿಂತೆ. ಕಾದೆ. ಫ್ಯಾನಿನ ಸದ್ದು ಬಿಟ್ಟು ಏನೂ ಇಲ್ಲ. ನಡುವಿಗೆ ಬಂದು ನಿಂತೆ. ಏನೂ ಇಲ್ಲ. ಬಾಗಿಲಿಗೆ ಎರಡು ಹೆಜ್ಜೆ ಇರುವಾಗ ಮನುಷ್ಯರ ದನಿ ಎಂಬುದಷ್ಟೇ ತಿಳಿಯಿತು. ಬಾಗಿಲಿಗೆ ಬೆನ್ನು ಹಚ್ಚಿ ನಿಂತಾಗ ಮಾತ್ರ, ಆ ಹರಿದ ರಬ್ಬರಿನ ಮೂಲೆಯಿಂದ, ಆಯಿಯ ದನಿ ಸ್ಪಷ್ಟವಾಗಿ ಬಂತು: “ಚಹಾ ಬಂದೈತ್ರಿ... ಅಕ್ಕಾರ, ಒದರಿ ಒದರಿ ಗಂಟಲಾ ಹೋತು, ಜೀವಂತ ಅದೀರ್ಯೋ ಇಲ್ಲೋ?”

ಬಾಗಿಲು ತೆಗೆಸಿ ಹೊರಗೆ ಬಂದೆ. ಎರಡೇ ನಿಮಿಷ, ನನ್ನ ಇಷ್ಟದಿಂದ, ಹೊರಗೆ ನನ್ನ ಕಡೆಯವಳನ್ನೇ ನಿಲ್ಲಿಸಿ ಅಲ್ಲಿ ನಿಂತಿದ್ದೆ. ಆ ಹುಡುಗಿ ನಿಂತದ್ದು ಹಾಗಲ್ಲ.

ವಿಚಾರಣೆ ಆಫೀಸಿನಲ್ಲೇ ನಡೆಯಿತು. ಹುಡುಗಿ ಮಾಮಾನ ಮುಖ ನೋಡಬೇಕಾಗದ ಹಾಗೆ ಅವಳ ಮಾತನ್ನು ಬೇರೆಯಾಗಿ ಮೊದಲೇ ಕೇಳಿ ಬರೆದುಕೊಂಡಿದ್ದರು. ನಾನು ಹೇಳುವಾಗ ಮಾಮಾ ಎದುರಿಗೇ ಕೂತಿದ್ದರು. ಅವರು ಕೊಟ್ಟ ಹೇಳಿಕೆಯನ್ನು ವಕೀಲೆ ಮೊದಲು ಓದಿದರು. ತಾನು ಕಡೆಯ ಸಾಲಿನಲ್ಲಿ ಪೆಟ್ಟಿಗೆ ನೋಡುತ್ತಿದ್ದೆ, ಹುಡುಗಿ ಬಾಗಿಲ ಹತ್ತಿರ ಇದ್ದಳು, ತಾನು ಬಾಗಿಲು ಎಂದೂ ತೆರೆದಿಡುವವನಲ್ಲವಾದ್ದರಿಂದ ಅದು ಹಾಕಿತ್ತು, ಬಾಯಾರು, ಅಂದರೆ ನಾನು, ಚಹಾಕ್ಕೆ ಕರೆದರು, ಬಂದೆ.

“ಚಹಾ ಕುಡದ್ರ್ಯಾ?” ಎಂದರು ವಕೀಲೆ, ಬರೆಯುತ್ತಲೇ.

“ಕುಡದ್ನಿರಿ.”

“ಎಲ್ಲಿ?”

“ಇಲ್ಲೇ, ಆಫೀಸನ್ಯಾಗ.”

ನನ್ನ ಸರದಿ ಬಂತು. ಚಪ್ಪಲಿಯ ಮಾತು ಹೇಳಿದೆ. ಉಳಿದದ್ದು ಚಹಾದ ಮಾತು. ಹೇಳಿದರೆ ನಾನು ಸುಳ್ಳುಗಾತಿ. ಸುಳ್ಳು ಹೇಳಿದ ಸಾಕ್ಷಿಯ ಮಾತು ನಂಬುವವರು ಯಾರು? ಮಂಗಸೂಳಿಯಲ್ಲಿ ಬೋರಲು ಹಾಕಿದ್ದ ಗಂಬೂಟು ಕಣ್ಣಿಗೆ ಬಂತು. “ಅವತ್ತು ಚಹಾ ಬಂದಿರಲಿಲ್ಲ,” ಎಂದೆ. “ನಾನು ಸುಳ್ಳು ಹೇಳಿದ್ದೆ.”

ಮಾಮಾ ಮೇಜು ಬಡಿದರು. “ನೋಡ್ರಿ! ಬಾಯಾರ ತಾವ ಒಪ್ಪಿಕೊಂಡ್ರು, ಸುಳ್ಳ ಹೇಳೇನಿ ಅಂತ. ಬರಕೋರಿ!”

“ಬರಕೊಂಡೆ,” ಎಂದರು ವಕೀಲೆ. “ಬಾರದ ಚಹಾ ನೀವು ಕುಡದದ್ದೂ ಬರಕೊಂಡೆ.”

ಸಾವಕಾರ್ರ ಸೊಸೆ ತಲೆ ತಗ್ಗಿಸಿದರು. ಅವರ ಭುಜ ಅಲುಗುತ್ತಿತ್ತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ನಾನು ಬಾಗಿಲಿನ ಪ್ರಯೋಗ ಹೇಳಿದೆ. ವಕೀಲೆ ನನ್ನ ಮಾತು ನಂಬಿಕೊಂಡು ಕೂರಲಿಲ್ಲ. ಎದ್ದು, ಸೀರೆ ಎತ್ತಿ ಕಟ್ಟಿ, ಗಂಬೂಟು ಹಾಕಿಕೊಂಡು ತಾವೇ ಒಳಗೆ ಹೋದರು. ಆಯಿ ಹೊರಗಿನಿಂದ ಕೂಗಿದಳು. ಹೊರಗೆ ಬಂದು ಮಂಜು ಹಿಡಿದ ಕನ್ನಡಕ ಒರೆಸಿಕೊಳ್ಳುತ್ತಾ, “ಹಿಂದ ನಿಂತ್ರ ನನಗ ನನ್ನ ಮಾತ ಕೇಳವಲ್ದು,” ಎಂದರು. “ಬಾಗಲಕ್ಕ ಒರಗಿ ನಿಂತಾವರಿಗಷ್ಟ ಕೇಳತೈತಿ.” ಹುಡುಗಿ ತನ್ನ ಒಂದೂವರೆ ಪುಟದಲ್ಲಿ ಬರೆದದ್ದೂ ಅದನ್ನೇ. ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದರು.

ಆಗ ಮಾಮಾ ದನಿ ಇಳಿಸಿದರು. “ನನಗ ಮಾಮಾ ಅಂತಾರ್ರಿ. ಒಂದೀಟ ಚೇಷ್ಟಿ ಮಾಡೇನಿ, ಅಷ್ಟ.”

“ಯಾವ ತಂಗಿ ಮಕ್ಕಳಲೇ ನಾವು ನಿನಗ?” ಎಂದಳು ಆಯಿ ಬಾಗಿಲಿನಿಂದ. ಅವಳನ್ನು ಕೂಗಲು ಮಾತ್ರ ಕರೆದಿದ್ದರು, ಹೋಗು ಎಂದು ಯಾರೂ ಹೇಳಿರಲಿಲ್ಲ. “ದಾದಾ ಅಂದ್ರ ಸಿಟ್ಟಿಗಿ ಬರ್ತಿದ್ದಿ. ನನಗ ಐವತ್ತೈದು, ನನ್ನ ಕಡೆಯಿಂದನೂ ಮಾಮಾ ಅನ್ನಿಸಿಕೊಂಡಾಂವ ನೀ.” ಆಮೇಲೆ ವಕೀಲೆಯ ಕಡೆ ತಿರುಗಿದಳು. “ಬಾಯಾರ, ನಂದೂ ಬರಕೋರಿ. ನಾನೂ ಚಹಾ ಅಂದೇನಿ. ಒಮ್ಮೆ ಅಲ್ಲ. ಯಾರ್ಯಾರ ಒಳಗಿದ್ರು ಅದನ್ನ ಅವರನ್ನ ಕೇಳ್ರಿ, ನಾ ಹೇಳಾಂಗಿಲ್ಲ. ನಾ ಒದರಿದ್ದ ನಾ ಹೇಳ್ತೇನಿ.”

ಮರುದಿನ ಬೆಲ್ಟಿನಿಂದ ಇನ್ನೂ ನಾಲ್ವರು ಬಂದು ಅದನ್ನೇ ಹೇಳಿದರು. ಐದನೆಯವಳು ಬಾಗಿಲವರೆಗೆ ಬಂದು ಹಿಂದೆ ಹೋದಳು. ಅವಳ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಆ ಹಿಡಿಕೆಯ ಮೇಲೆ ಕೈ ಇಟ್ಟು ಹಿಂದೆ ತೆಗೆದುಕೊಂಡವಳು ನಾನು.

ಹುಡುಗಿಯ ದೂರು ನಿಜವೆಂದು ಸಮಿತಿ ಬರೆದು ಕೊಟ್ಟಿತು. ಆ ಮನುಷ್ಯ ಕೆಲಸ ಬಿಟ್ಟು ಹೋಗಬೇಕಾಯಿತು. ಸಾವಕಾರ್ರು ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ; ಆದರೆ ಸಮಿತಿ ಹೇಳಿದ್ದನ್ನೆಲ್ಲ ಮಾಡಿಸಿದರು. ಬಾಗಿಲಿಗೆ ಗಾಜಿನ ಕಿಂಡಿ ಇಡಿಸಿದರು. ಒಳಗೆ ಇಬ್ಬಿಬ್ಬರೇ ಹೋಗಬೇಕು, ಯಾರ ಜೊತೆ ಎನ್ನುವುದನ್ನು ಹೋಗುವವಳೇ ಹೇಳಬೇಕು. ಬೋರ್ಡು ಕ್ಯಾಲೆಂಡರಿನ ಮುಂದೆ ಬಂತು. ಹರಿದ ರಬ್ಬರು ತೆಗೆದು ಹೊಸದು ಹಾಕಿದರು. ನನ್ನ ಕುತೂಹಲಕ್ಕೆ ಮತ್ತೊಮ್ಮೆ ಒಳಗೆ ನಿಂತು ನೋಡಿದೆ. ಈಗ ಬಾಗಿಲಿಗೆ ಬೆನ್ನು ಹಚ್ಚಿದರೂ ಹೊರಗಿನ ಕೂಗು ಕೇಳುವುದಿಲ್ಲ. ಅದನ್ನು ಹೇಳಿದ ಮೇಲೆ ಒಳಗೆ ಒಂದು ಕರೆಗಂಟೆಯನ್ನೂ ಕೂಡಿಸಿದರು.

ಹುಡುಗಿ ಒಂದು ಸೋಮವಾರ ಬಂದಳು. ಬರಿಗಾಲಲ್ಲಿ, ಗಂಬೂಟು ಕೈಯಲ್ಲಿ ಹಿಡಿದು, ಬೆಲ್ಟಿನ ಉದ್ದಕ್ಕೂ ಎಲ್ಲರೂ ನೋಡುವ ಹಾಗೆ ನಡೆದು, ಅವನ್ನು ಇದ್ದ ಜಾಗದಲ್ಲಿಟ್ಟಳು. ಆಮೇಲೆ ನನ್ನ ಕೋಣೆಗೆ ಬಂದಳು. ನಾನು ಖಾನೆಯಿಂದ ಹಸಿರು ಪಟ್ಟಿಯ ಚಪ್ಪಲಿ ತೆಗೆದು ಕೆಳಗಿಟ್ಟೆ.

ಅವಳು ಕಾಲು ತೂರಿಸುತ್ತಾ, ಮುಖ ಮೇಲೆತ್ತದೆ ಹೇಳಿದಳು: “ಅಕ್ಕಾರ, ಇನ್ನ ಯಾವಾಗರೆ ಹಂಗ ಏನರೆ ಅನಿಸಿದ್ರ ಚಹಾ ಅನಬ್ಯಾಡ್ರಿ.”

“ಮತ್ತ ಏನ ಅನ್ಲಿ?”

“ನನ್ನ ಹೆಸರ ಹಿಡದ ಒದರ್ರಿ. ಬಾಗಲಾ ತಗೀರಿ.”

ನಾಲ್ಕು ಗಂಟೆಗೆ ‘ಚಹಾ ಬಂತ್ರಿ’ ಎಂದು ಹೋಟೆಲಿನವನು ಕೂಗಿದರೆ ನನ್ನ ಕೈ ಈಗಲೂ ಒಮ್ಮೆ ನಿಲ್ಲುತ್ತದೆ. ಎದ್ದು ಹೋಗಿ ಕೋಲ್ಡಿನ ಮುಂದಿನ ಚಪ್ಪಲಿ ನೋಡಿ ಬರುತ್ತೇನೆ. ಆ ಹುಡುಗಿಯ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಕಾನೂನು ಬೇಡ ಎನ್ನುತ್ತದೆ, ನನಗೂ ಅದು ಸರಿ ಎನಿಸಿದೆ. ಆದರೆ ರವಿವಾರ, ಮನೆಯಲ್ಲಿ ಯಾರೂ ಇಲ್ಲದಾಗ, ಗಟ್ಟಿಯಾಗಿ ಕೂಗಿ ನೋಡಿದ್ದೇನೆ. ಎರಡೇ ಅಕ್ಷರದ ಹೆಸರು. ಚಹಾ ಎನ್ನುವಷ್ಟೇ ಹೊತ್ತು ಹಿಡಿಯುತ್ತದೆ.